ನಮ್ಮ ಸಂಪಿಗೆ ಮೂರು ಹಂತದ ತರಬೇತಿ

ಒಬ್ಬೊಬ್ಬರಿಗೆ ಒಂದೊಂದು ಭಯ. ನಮ್ಮ ಕಾಲೇಜಿನ ಪ್ರಿನ್ಸಿಪಾಲರಿಗೆ ಹಲ್ಲಿ ಕಂಡರಾಗುವುದಿಲ್ಲ, ಪಕ್ಕದ ಮನೆಯವರಿಗೆ ಲಿಫ್ಟು ಎಂದರೆ ನಡುಕ. ನನಗೆ ನಮ್ಮ ಮನೆಯ ಸಂಪು. ನಮ್ಮ ಬಡಾವಣೆ ಬಟವಾಡಿಯ ಎಲ್ಲ ಮನೆಗಳಲ್ಲಿರುವಂತೆ ನೆಲದೊಳಗೆ ಹೂತ ಒಂದು ಸಿಮೆಂಟಿನ ತೊಟ್ಟಿ, ಮೇಲೆ ಎರಡಡಿ ಚೌಕದ ಕಬ್ಬಿಣದ ಮುಚ್ಚಳ. ಅದರ ಮೇಲೆ ಬೈಕು ನಿಲ್ಲಿಸುತ್ತೇವೆ, ಸಂಕ್ರಾಂತಿಗೆ ರಂಗೋಲಿ ಹಾಕುತ್ತೇವೆ. ಮೂರು ವರ್ಷದಿಂದ ಅದನ್ನು ತೊಳೆಸಿಲ್ಲ. "ರೀ, ಸಂಪು ತೊಳೆಸ್ರೀ" ಎಂದು ನನ್ನ ಹೆಂಡತಿ ವಿಮಲಾ ಹೇಳಿದಾಗಲೆಲ್ಲ ನನಗೆ ಪರೀಕ್ಷೆ, ಮೌಲ್ಯಮಾಪನ, ಸೊಂಟನೋವು ಹೀಗೆ ಒಂದಲ್ಲ ಒಂದು ಅಡ್ಡ ಬರುತ್ತಿತ್ತು. ನಿಜವಾದ ಕಾರಣ ಬೇರೆ. ಆ ಸಂಪಿನ ತಳದಲ್ಲಿ ನನ್ನ ಅತ್ತೆಯವರ ಕುಟ್ಟಾಣಿ ಇತ್ತು. ಅದನ್ನು ಅಲ್ಲಿಗೆ ಹಾಕಿದವನು ನಾನು.

ಬೇಕೆಂದು ಹಾಕಲಿಲ್ಲ. ಅತ್ತೆಗೆ ಹಲ್ಲಿಲ್ಲ, ಎಲೆ ಅಡಿಕೆ ಬಿಡುವ ಮನಸ್ಸೂ ಇಲ್ಲ. ಹಾಗಾಗಿ ಅವರ ಅತ್ತೆಯಿಂದ ಬಂದ ಒಂದು ಹಿತ್ತಾಳೆ ಕುಟ್ಟಾಣಿ ಸದಾ ಅವರ ಕೈಚೀಲದಲ್ಲಿರುತ್ತಿತ್ತು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರು ಚೇಳೂರಿನಿಂದ ಬಂದವರೇ ಚೀಲ ಕೆಳಗಿಟ್ಟು ಮಲಗಿಬಿಟ್ಟರು. ಅದೇ ಹೊತ್ತಿಗೆ ವಿಮಲಾ ಸಂಪಿನಲ್ಲಿ ನೀರೆಷ್ಟಿದೆ ನೋಡಿ ಎಂದಳು. ಅಳೆಯುವ ಬಿದಿರುಕೋಲು ಮುರಿದಿತ್ತು. ನಾನು ಓದಿದವನಲ್ಲವೇ, ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟರಾಯಿತು ಎಂದು ಹೊಳೆಯಿತು. ಚೀಲದಿಂದ ಕುಟ್ಟಾಣಿ ತೆಗೆದೆ, ಕುಟ್ಟುವ ಕೋಲನ್ನು ಅಲ್ಲೇ ಬಿಟ್ಟೆ, ದಾರ ಕಟ್ಟಿ ಇಳಿಸಿದೆ. ನೀರು ನಾಲ್ಕಡಿ ಇತ್ತು. ಅಳತೆ ಸರಿಯಾಗಿತ್ತು, ಗಂಟು ಸರಿಯಾಗಿರಲಿಲ್ಲ.

ಅತ್ತೆ ಎದ್ದು ಚೀಲವನ್ನೆಲ್ಲ ತಡಕಾಡಿದರು. ಆಗಲೇ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು, "ಬಸ್ಸಲ್ಲಿ ಬಿದ್ದೋಗಿರ್ಬೇಕು ಬಿಡಿ ಅತ್ತೆ, ವಯಸ್ಸಾಯ್ತಲ್ಲ" ಎಂಬ ಮಾತು. ಅವರು ಅದನ್ನು ನಂಬಿದರು. ವಾಪಸು ಹೋಗುವಾಗ ಗುಬ್ಬಿ ಬಸ್‌ ಸ್ಟ್ಯಾಂಡಿನಲ್ಲಿ ಇಳಿದು ಕಂಡ ಕಂಡ ಕಂಡಕ್ಟರನ್ನೆಲ್ಲ ಕೇಳಿದರಂತೆ. ತಿಂಗಳಿಗೆ ಎರಡು ಸಲ ರಾಗಿಹಿಟ್ಟು, ತೆಂಗಿನಕಾಯಿ ಹೊತ್ತು ಒಬ್ಬರೇ ಬಸ್ಸು ಹತ್ತಿ ಬರುತ್ತಿದ್ದವರು ಆಮೇಲೆ ಒಬ್ಬರೇ ಬರುವುದನ್ನೇ ಬಿಟ್ಟರು. "ನನ್ ಬುದ್ಧಿ ಕೈ ಕೊಡ್ತಾ ಐತೆ ಕಣವ್ವ" ಎಂದು ಮಗಳಿಗೆ ಫೋನಿನಲ್ಲಿ ಹೇಳುವುದು ನನ್ನ ಕಿವಿಗೆ ಬೀಳುತ್ತಿತ್ತು. ನನಗೆ ಬಹಳ ನಾಚಿಕೆಯಾಗುತ್ತಿತ್ತು. ಹಿತ್ತಾಳೆಯ ನೀರು ಆರೋಗ್ಯಕ್ಕೆ ಒಳ್ಳೆಯದು ಎಂದು ಸಮಾಧಾನ ಮಾಡಿಕೊಂಡು ನೀರು ಕುಡಿಯುತ್ತಿದ್ದೆ.

ಹೀಗಿರುವಾಗ ನನ್ನ ಬಾಮೈದ ರುದ್ರೇಶ ಹದಿನೈದು ದಿನದ ರಜೆಗೆ ಬಂದ. ಅವನು ಅಂಡಮಾನಿನಲ್ಲಿ ಪ್ರವಾಸಿಗರಿಗೆ ಸಮುದ್ರದಲ್ಲಿ ಮುಳುಗಿ ಮೀನು ನೋಡುವುದನ್ನು ಕಲಿಸುತ್ತಾನೆ. ಹೋದ ವರ್ಷ ಮೆಕ್ಸಿಕೋಗೆ ಹೋಗಿ ನೀರು ತುಂಬಿದ ಗುಹೆಗಳೊಳಗೆ ಈಜುವುದನ್ನೂ ಕಲಿತು ಬಂದಿದ್ದಾನೆ. ವಿಮಲಾ ಸಂಪಿನ ಕತೆ ತೆಗೆದಳು. "ಅದ್ಯಾವ ಮಹಾ ಕೆಲ್ಸ, ನಾಳೆ ನಾನೇ ಇಳೀತೀನಿ ಬಿಡಕ್ಕ" ಎಂದ ರುದ್ರೇಶ. "ಬೇಡ, ಬೇಡ, ನಾನೇ ಇಳೀತೀನಿ" ಎಂದುಬಿಟ್ಟೆ. ಅಕ್ಕ ತಮ್ಮ ಇಬ್ಬರೂ ನನ್ನನ್ನು ನೋಡಿದರು. ನಾನು ಶವರಿನ ಕೆಳಗೂ ಕಣ್ಣು ಮುಚ್ಚಿಕೊಂಡು ನಿಲ್ಲುವವನು ಎಂದು ವಿಮಲಾಗೆ ಗೊತ್ತು. ಆದರೆ ರುದ್ರೇಶನ ಮುಖ ಅರಳಿತು. "ಭಾವ, ಹಂಗಾದ್ರೆ ಸುಮ್ನೆ ಇಳಿಯೋ ಹಂಗಿಲ್ಲ. ಮೂರು ಲೆವೆಲ್ ಐತೆ. ಪಾಸಾದ್ರೆ ಮಾತ್ರ ಇಳಿಸ್ತೀನಿ" ಎಂದ.

ಗುಹೆಯಲ್ಲಿ ಮುಳುಗುವವರಿಗೆ ಮೊದಲನೇ ಹಂತದಲ್ಲಿ ಗುಹೆಯ ಬಾಯಿಯ ಬೆಳಕು ಕಾಣುವಷ್ಟು ದೂರ ಮಾತ್ರ ಅಪ್ಪಣೆ. ಎರಡನೆಯದರಲ್ಲಿ ಹಗ್ಗ ಹಿಡಿದು ನೇರವಾಗಿ ಹೋಗಿ ನೇರವಾಗಿ ಬರಬೇಕು, ಕವಲು ಕಂಡರೆ ಆ ಕಡೆ ತಿರುಗಿಯೂ ನೋಡಬಾರದು. ಮೂರನೆಯದು ಪೂರ್ತಿ ಗುಹೆ. ನಮ್ಮ ಸಂಪು ಎಂಟಡಿ ಉದ್ದ, ಆರಡಿ ಅಗಲ, ಕವಲೂ ಇಲ್ಲ ಕೊಂಬೆಯೂ ಇಲ್ಲ ಎಂದೆ. "ಡಿಸಿಪ್ಲಿನ್ ಭಾವ" ಎಂದ. ನಾನು ಪಿಯುಸಿ ಮಕ್ಕಳಿಗೆ ಭೂಗೋಳ ಹೇಳುವವನು. ಸುಣ್ಣಕಲ್ಲಿನ ಗುಹೆಗಳು ಹೇಗೆ ಉಂಟಾಗುತ್ತವೆ ಎಂಬುದಕ್ಕೆ ಐದು ಅಂಕದ ಉತ್ತರ ಬರೆಸುತ್ತೇನೆ. ಅದರೊಳಗೆ ಮನುಷ್ಯರು ಹೋಗುತ್ತಾರೆ ಎಂಬುದು ಸಿಲಬಸ್ಸಿನಲ್ಲಿ ಇರಲಿಲ್ಲ.

ಹಂತ ಹಂತವಾಗಿ ಕಲಿಯುವುದು ನನಗೆ ಹೊಸದೇನಲ್ಲ. ನನ್ನೂರು ಕುಣಿಗಲ್ ಕಡೆ, ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ. ಆ ಕಡೆಯವನೆಂದರೆ ಹುಟ್ಟುತ್ತಲೇ ಈಜಿದವನೆಂದು ಜನ ತಿಳಿಯುತ್ತಾರೆ. ನನ್ನ ಸೋದರಮಾವ ತೋಟದ ಬಾವಿಯಲ್ಲಿ ಈಜು ಕಲಿಸುತ್ತಿದ್ದರು. ಅವರ ಸಿಲಬಸ್ಸಿನಲ್ಲೂ ಮೂರೇ ಹಂತ. ಮೊದಲು ಬೆನ್ನಿಗೆ ಎರಡು ಒಣ ತೆಂಗಿನಕಾಯಿ, ಆಮೇಲೆ ಒಂದು, ಆಮೇಲೆ ಹಿಂದಿನಿಂದ ಒಂದು ನೂಕು. ನಾನು ಎರಡು ಕಾಯಿ ಕಟ್ಟಿಕೊಂಡು ಒಂದು ಬೇಸಿಗೆ ಪೂರ್ತಿ ತೇಲಿದೆ. ಮಾವ ಒಂದು ಕಾಯಿ ಬಿಚ್ಚುತ್ತೇನೆಂದ ದಿನ ಹುಲ್ಲಿನ ಬಣವೆಯ ಹಿಂದೆ ಅಡಗಿ ಕೂತವನು ಹೊರಬಂದದ್ದು ಸಂಜೆ ಊಟಕ್ಕೆ. ನನ್ನ ವಿದ್ಯಾಭ್ಯಾಸ ಅಲ್ಲಿಗೇ ನಿಂತಿತ್ತು.

ರುದ್ರೇಶನ ಪಾಠದಲ್ಲಿ ಎರಡು ನಿಯಮಗಳು ನನಗೆ ಬಹಳ ಹಿಡಿಸಿದವು. ಒಂದು, ಸಿಲಿಂಡರಿನ ಗಾಳಿಯನ್ನು ಮೂರು ಪಾಲು ಮಾಡುವುದು: ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು, ಆಪತ್ತಿಗೆ ಒಂದು. ನಾನು ಇದನ್ನು ಬಹಳ ವರ್ಷದಿಂದ ಪಾಲಿಸುತ್ತಿದ್ದೇನೆಂದು ಆಗಲೇ ತಿಳಿದದ್ದು. ಬೆಳಿಗ್ಗೆ ನನ್ನಲ್ಲಿರುವ ಶಕ್ತಿಯಲ್ಲಿ ಒಂದು ಪಾಲು ಗುಬ್ಬಿಯ ಕಾಲೇಜಿಗೆ ಹೋಗುವುದಕ್ಕೆ, ಒಂದು ಪಾಲು ವಾಪಸು ಬರುವುದಕ್ಕೆ, ಒಂದು ಪಾಲು ಆಪತ್ತಿಗೆ. ಪಾಠ ಮಾಡುವುದಕ್ಕೆ ಉಳಿಯುವುದಿಲ್ಲ. ಇನ್ನೊಂದು ನಿಯಮ ಇದಕ್ಕಿಂತ ಚೆನ್ನಾಗಿದೆ. ಯಾರು ಬೇಕಾದರೂ ಯಾವಾಗ ಬೇಕಾದರೂ ಹೆಬ್ಬೆರಳು ಮೇಲೆತ್ತಿ ಸಾಕು, ವಾಪಸು ಹೋಗೋಣ ಎನ್ನಬಹುದು. ಯಾಕೆಂದು ಯಾರೂ ಕೇಳುವಂತಿಲ್ಲ. ಇಷ್ಟು ಮಾನವೀಯವಾದ ನಿಯಮ ಸಂಸಾರಕ್ಕೆ ಯಾಕಿಲ್ಲವೋ ಎಂದುಕೊಂಡು ಮಾರನೆಯ ದಿನ ವಿಮಲಾ ತರಕಾರಿ ತನ್ನಿ ಎಂದಾಗ ಹೆಬ್ಬೆರಳೆತ್ತಿದೆ. ಅವಳು ಯಾಕೆಂದು ಕೇಳಲಿಲ್ಲ. ಮಧ್ಯಾಹ್ನ ಅನ್ನದ ಜೊತೆ ಬರೀ ಮಜ್ಜಿಗೆ ಬಂತು, ನಾನೂ ಯಾಕೆಂದು ಕೇಳಲಿಲ್ಲ.

ಮೊದಲನೇ ಹಂತದಲ್ಲಿ ಬಕೆಟ್ಟಿನ ನೀರಿನಲ್ಲಿ ಮುಖ ಮುಳುಗಿಸಿ ಇಪ್ಪತ್ತು ಎಣಿಸಬೇಕಿತ್ತು. ಬೇಗ ಬೇಗ ಎಣಿಸಿ ಪಾಸಾದೆ. ಎರಡನೆಯದು ಒಣ ನೆಲದ ಮೇಲೆ. ತಳದ ಕೆಸರು ಎದ್ದು ಏನೂ ಕಾಣದಾದಾಗ ಹಗ್ಗವನ್ನು ಕೈಯಲ್ಲಿ ತಡವಿಕೊಂಡೇ ಹೊರಬರಬೇಕಂತೆ. ರುದ್ರೇಶ ಬಟ್ಟೆ ಒಣಹಾಕುವ ನೈಲಾನ್ ಹಗ್ಗವನ್ನು ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಲ ಬಾಗಿಲು ದಾಟಿಸಿ ಬಚ್ಚಲಿಗೆ ಕಟ್ಟಿದ. ನನ್ನ ಕಣ್ಣಿಗೆ ಟವೆಲ್ ಬಿಗಿದ. ಅಡುಗೆಮನೆವರೆಗೂ ಸೊಗಸಾಗಿಯೇ ಹೋದೆ. ಹಿತ್ತಲಲ್ಲಿ ಮೊದಲೇ ಇನ್ನೊಂದು ಬಟ್ಟೆ ಹಗ್ಗವಿದ್ದದ್ದು ನೆನಪಾಗದೆ ಅದನ್ನೇ ಹಿಡಿದೆ. ಒದ್ದೆ ಲುಂಗಿ, ಆಮೇಲೆ ವಿಮಲಾಳ ಸೀರೆ, ಆಮೇಲೆ ಗೇಟು ಕೈಗೆ ಸಿಕ್ಕಿದವು. ಇದೂ ಪರೀಕ್ಷೆಯ ಭಾಗ ಎಂದು ಗೇಟು ತೆಗೆದು ಧೈರ್ಯವಾಗಿ ಮುಂದೆ ಹೋದೆ. ಪಕ್ಕದಲ್ಲಿ ಆಟೊ ನಿಂತ ಸದ್ದಾಯಿತು.

"ಎಲ್ಲಿಗೆ ಸಾರ್?"

"ಬಚ್ಚಲಿಗೆ" ಎಂದೆ.

ಆಟೊದವನು ಸ್ವಲ್ಪ ಯೋಚಿಸಿ, "ಆ ಕಡೆ ಬರಲ್ಲ ಸಾರ್" ಎಂದು ಹೊರಟುಹೋದ. ಎರಡನೇ ಹಂತ ನನಗೆ ನಾಲ್ಕು ದಿನ ಹಿಡಿಯಿತು.

ಮೂರನೇ ಹಂತದ ದಿನ ಭಾನುವಾರ. ಆ ದಿನ ಬೆಳಿಗ್ಗೆಯೇ ರುದ್ರೇಶ ಚೇಳೂರಿಗೆ ಹೋಗಿ ಅತ್ತೆಯನ್ನೂ ಕರೆತಂದಿದ್ದ, ಅಳಿಯನ ಸಾಹಸ ನೋಡಲಿ ಎಂದು. ಅವರು ಕೈಚೀಲದ ಹಿಡಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಕರಿಬೇವಿನ ಗಿಡದ ನೆರಳಲ್ಲಿ ಕೂತರು. ಮೋಟರು ಹಾಕಿ ನೀರನ್ನು ಮೊಣಕಾಲುದ್ದಕ್ಕೆ ಇಳಿಸಿ, ಮುಚ್ಚಳ ತೆಗೆದು ಗಂಟೆಗಟ್ಟಲೆ ಗಾಳಿಯಾಡಲು ಬಿಟ್ಟಿದ್ದಾಯಿತು. ನನ್ನ ಸೊಂಟಕ್ಕೆ ಹಗ್ಗ, ಹಣೆಗೆ ಟಾರ್ಚು, ಜೇಬಿನಲ್ಲಿ ಇನ್ನೆರಡು ಟಾರ್ಚು. ಹಗ್ಗವನ್ನು ಒಂದು ಸಲ ಎಳೆದರೆ ಕ್ಷೇಮ, ಎರಡು ಸಲ ಎಳೆದರೆ ಮೇಲಕ್ಕೆ ಎಳೆದುಕೊಳ್ಳಿ ಎಂದರ್ಥ. ಹಗ್ಗದ ಮೇಲಿನ ತುದಿ ವಿಮಲಾಳ ಕೈಯಲ್ಲಿತ್ತು. ನನ್ನ ಯೋಜನೆ ಸರಳ. ಕುಟ್ಟಾಣಿಯನ್ನು ಕೆಸರಿನ ಬಕೆಟ್ಟಿನ ತಳದಲ್ಲಿ ಮುಚ್ಚಿ ಮೇಲೆ ಕಳಿಸುವುದು. ಕೆಸರನ್ನು ನಾನೇ ಚೆಲ್ಲುತ್ತೇನೆ, ಯಾರೂ ಮುಟ್ಟಬೇಡಿ ಎಂದು ಮೊದಲೇ ಹೇಳಿಟ್ಟಿದ್ದೆ. ಆಮೇಲೆ ಚೇಳೂರಿನ ಮನೆಯ ಅಟ್ಟದ ಮೇಲೆ ಇಟ್ಟರೆ ಅತ್ತೆಗೇ ಸಿಗುತ್ತದೆ.

ಏಣಿ ಇಳಿದೆ. ಕತ್ತಲೆ, ತಣ್ಣಗೆ, ನನ್ನ ಉಸಿರೇ ನನಗೆ ದೊಡ್ಡದಾಗಿ ಕೇಳುತ್ತಿತ್ತು. ಎರಡು ಹೆಜ್ಜೆಗೇ ಕೆಸರೆದ್ದು ನೀರು ಬಗ್ಗಡವಾಯಿತು. ಹುಡುಕುವುದು ಕಷ್ಟವಾಗಲಿಲ್ಲ, ಕುಟ್ಟಾಣಿಯೇ ಬಂದು ನನ್ನ ಕಾಲಿನ ಹೆಬ್ಬೆರಳಿಗೆ ಹೊಡೆಯಿತು. ನೋವಾದರೂ ಅಷ್ಟು ಸಂತೋಷ ನನಗೆ ಬಡ್ತಿ ಬಂದಾಗಲೂ ಆಗಿರಲಿಲ್ಲ. ಬಕೆಟ್ಟಿಗೆ ಹಾಕಿ ಮೇಲೆ ಕೆಸರು ತುಂಬಿ ಕಳಿಸಿದೆ. ರುದ್ರೇಶ ಎಳೆದುಕೊಂಡ. ಆಗ ಅತ್ತೆಯ ದನಿ ಕೇಳಿತು.

"ಒಳ್ಳೆ ಗೋಡು ಕಣ್ಲಾ. ಕರಿಬೇವಿನ ಬುಡಕ್ಕೆ ಸುರೀ ಅತ್ಲಾಗೆ."

"ಮುಟ್ಟಬೇಡಿ" ಎಂದು ನಾನು ಕೂಗುವಷ್ಟರಲ್ಲಿ ಠಣ್ ಎಂದು ಸದ್ದಾಯಿತು. ತುಸು ಹೊತ್ತಿನ ಮೇಲೆ ಚೌಕದ ಬೆಳಕಿನಲ್ಲಿ ಅತ್ತೆಯ ಮುಖ ಬಂದು ನಿಂತಿತು.

"ಅಳಿಯಂದ್ರೇ, ಗುಬ್ಬಿ ಬಸ್ಸು ಇಲ್ಲಿಗಂಟ ಬತ್ತೈತಾ?"

ನಾನು ಹಗ್ಗವನ್ನು ಎರಡು ಸಲ ಎಳೆದೆ. ಹೆಬ್ಬೆರಳನ್ನೂ ಎತ್ತಿ ತೋರಿಸಿದೆ. ಯಾಕೆಂದು ಯಾರೂ ಕೇಳಲಿಲ್ಲ. ಹಗ್ಗದ ಮೇಲಿನ ತುದಿ ಸರ್ರನೆ ಜಾರಿ ಬಂದು ನೀರಿಗೆ ಬಿತ್ತು. ಅದರ ಹಿಂದೆಯೇ ಏಣಿ ಮೇಲಕ್ಕೆ ಹೋಯಿತು.

"ತಪ್ಪಾಯ್ತು ಅತ್ತೆ" ಎಂದೆ. ಸಂಪಿನಲ್ಲಿ ಹೇಳಿದ ಮಾತು ಗೋಡೆಗೆ ಹೊಡೆದು ಮತ್ತೆ ಮತ್ತೆ ಕೇಳುತ್ತದೆ. ಹಾಗಾಗಿ ಒಂದೇ ಸಲ ಹೇಳಿದರೂ ನಾಲ್ಕು ಸಲ ಹೇಳಿದ ಹಾಗಾಯಿತು.

"ಮೂರು ವರ್ಸ ನನ್ ತಲೆ ಕೆಟ್ಟೈತೆ ಅಂದ್ಕಂಡಿದ್ದೆ" ಎಂದರು ಅತ್ತೆ. ಬೈಯುತ್ತಾರೆಂದು ಕಾದೆ. "ಕೆಟ್ಟಿರ್ಲಿಲ್ಲ ಕಣೇ ವಿಮಲಾ, ನಂದು ಸರಿಯಾಗೇ ಐತೆ" ಎಂದು ನಗತೊಡಗಿದರು. ಆಮೇಲೆ ಮೇಲಿನಿಂದ ಟಣ್ ಟಣ್ ಎಂದು ಅಡಿಕೆ ಕುಟ್ಟುವ ಸದ್ದು ಬಂತು. ಕುಟ್ಟುವ ಕೋಲನ್ನು ಅವರು ಮೂರು ವರ್ಷವೂ ಚೀಲದಲ್ಲೇ ಇಟ್ಟುಕೊಂಡಿದ್ದರು. ಅದನ್ನು ಕೇಳಿ ಕತ್ತಲಲ್ಲಿ ನನ್ನ ಕಣ್ಣು ಒದ್ದೆಯಾಯಿತು. ಅವರು ಎಲೆ ಅಡಿಕೆ ಪೂರ್ತಿ ಜಗಿದು ಮುಗಿಸಿದ ಮೇಲೆ ಏಣಿ ಇಳಿಯಿತು.

ಸಂಜೆ ಅತ್ತೆ ಯಾರ ಜೊತೆಯೂ ಬೇಡವೆಂದು ಚೀಲದ ಗಂಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಒಬ್ಬರೇ ಬಸ್ಸು ಹತ್ತಿದರು. ರುದ್ರೇಶ ನನಗೆ ಮೊದಲನೇ ಹಂತ ಮಾತ್ರ ಪಾಸು ಎಂದ. ಕಾರಣ, ಅಷ್ಟು ಹೊತ್ತೂ ನಾನು ಸಂಪಿನ ಬಾಯಿಯ ಬೆಳಕು ಬಿಟ್ಟು ಅಲ್ಲಾಡಿರಲಿಲ್ಲ. ಇರಲಿ. ಈಗ ನಮ್ಮ ಮನೆಯಲ್ಲಿ ಕನ್ನಡಕವಾಗಲಿ, ಸೌಟಾಗಲಿ, ಟಿವಿ ರಿಮೋಟಾಗಲಿ ಕಾಣೆಯಾದರೆ ಯಾರೂ ಹುಡುಕುವ ಗೋಜಿಗೆ ಹೋಗುವುದಿಲ್ಲ. ವಿಮಲಾ ಟಾರ್ಚು ಮತ್ತು ಹಗ್ಗ ತಂದು ನನ್ನ ಮುಂದಿಡುತ್ತಾಳೆ.