ಎಲೆ ಖಾಲಿ ಇದ್ದ ಕಡೆ ಚೆಂಡು

ನಾನು ಗ್ರೀನ್‌ಫರ್ಡ್‌ನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುವವಳು. ಬುಧವಾರ ಮಧ್ಯಾಹ್ನ ಮಾತ್ರ ಟೀಮ್ ಮ್ಯಾನೇಜರ್, ಅಂದರೆ ನೀರಿನ ಬಾಟಲಿ ಮತ್ತು ಆಟಗಾರರ ಪಟ್ಟಿ ಹಿಡಿದು ನಿಲ್ಲುವ ಕೆಲಸ. ನಮ್ಮ ಕಾಲೇಜಿನ ಮೊಟ್ಟಮೊದಲ ಕೋಚ್ ಪಕ್ಕದಲ್ಲಿ ನಿಂತವರಿಗೆ ಇಂಥ ಕೆಲಸ ತಾನಾಗಿಯೇ ಅಂಟಿಕೊಳ್ಳುತ್ತದೆ. ನಾನೇನೂ ಹುಡುಕಿಕೊಂಡು ಹೋದದ್ದಲ್ಲ.

ಅವರು ಕುಂದಾಪುರದವರು. ಊರಲ್ಲಿ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಎರಡೂ ಆಡಿ, ಲಂಡನ್ನಿಗೆ ಬಂದು ಹತ್ತು ವರ್ಷ ಹೋಟೆಲಿನಲ್ಲಿ ಬಡಿಸಿ, ಆಮೇಲೆ ಪರೀಕ್ಷೆ ಕಟ್ಟಿ ಕೋಚ್ ಆದವರು. ನಮ್ಮ ಎರಡೂ ತಂಡಕ್ಕೆ ಅದೇ ಹುಡುಗರು, ಅವರೊಬ್ಬರೇ ಕೋಚ್. ಪ್ರಿನ್ಸಿಪಾಲರ ಷರತ್ತು ಒಂದೇ: ಈ ಟರ್ಮಿನಲ್ಲಿ ಒಂದಾದರೂ ಮ್ಯಾಚ್ ಗೆಲ್ಲದಿದ್ದರೆ ಎರಡೂ ತಂಡ ಬಂದ್, ಕೋಚ್ ಮನೆಗೆ.

೧. ಬಕೆಟ್

ಮೊದಲ ದಿನ ಕೋಚ್ ಚೆಂಡೇ ತರಲಿಲ್ಲ. ಬಾಸ್ಕೆಟ್‌ಬಾಲ್ ಕೋರ್ಟಿನ ಉದ್ದಕ್ಕೂ ಊಟದ ಪೇಪರ್ ಎಲೆ ಹಾಸಿ, ಹುಡುಗರ ಕೈಗೆ ಖಾಲಿ ಬಕೆಟ್, ಸೌಟು ಕೊಟ್ಟರು.

"ಬಾಲ್ ಎಲ್ಲಿ ಸರ್?" ಅಂದ ಗೋಲ್‌ಕೀಪರ್. ಅವನು ಫೆಲ್ಥಮ್‌ನ ಹುಡುಗ, ಅಪ್ಪ ಏರ್‌ಪೋರ್ಟಿನಲ್ಲಿ ಲಗೇಜ್ ಇಳಿಸುವವರು.

"ಬಾಲ್ ಆಮೇಲೆ. ಮೊದಲು ಯಾರ ಎಲೆ ಖಾಲಿ ಇದೆ ಅಂತ ನೋಡೋದು ಕಲಿ."

ನನ್ನ ಕಡೆ ತಿರುಗಿ, "ಕಾಣಿ ಅಕ್ಕಾ, ಪಂಕ್ತಿಲಿ ಬಡ್ಸುಕೆ ಗೊತ್ತಿದ್ದವನಿಗೆ ಪಾಸ್ ಕೊಡುಕೆ ಬತ್ತ್" ಅಂದರು. ನಾನು ನಕ್ಕೆ. ಎರಡೇ ವಾರ, ಆ ಹುಡುಗರು ಬಿಡುವಾಗಿ ನಿಂತವನನ್ನೇ ಹುಡುಕಿ ಚೆಂಡು ಸಾಗಿಸುವುದನ್ನು ನೋಡಿ ಬಾಯಿ ಮುಚ್ಚಿಕೊಂಡೆ. ಅಂಥ ಪಾಸು ನಾನು ಟಿವಿಯಲ್ಲೂ ಕಂಡಿರಲಿಲ್ಲ.

ಆದರೆ ಆ ಮೊದಲ ದಿನ ಬಾಗಿಲಲ್ಲಿ ಇಣುಕಿದ ಪ್ರಿನ್ಸಿಪಾಲರು ಬಕೆಟ್ಟುಗಳನ್ನು ನೋಡಿ, ಮೆಲ್ಲಗೆ ನನ್ನನ್ನು ಕೇಳಿದರು: "ಛಾವಣಿ ಮತ್ತೆ ಸೋರ್ತಾ ಇದೆಯಾ?"

೨. ಬಡಿಸಿದವನ ಊಟ

ಬಾಸ್ಕೆಟ್‌ಬಾಲ್ ಮ್ಯಾಚಿಗೆ ಬಂದ ಎದುರಾಳಿಗಳೆಲ್ಲ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರ. ಕೋಚ್ ಹೆದರಲಿಲ್ಲ. ಬಗ್ಗಿ ಬಡಿಸಬೇಕು, ಮೇಲಿಂದ ಎಸೆಯಬಾರದು ಅನ್ನುವುದು ಅವರ ನಿಯಮ. ನಮ್ಮ ಗಿಡ್ಡ ಹುಡುಗರು ಆ ದೈತ್ಯರ ಮೊಣಕೈ ಕೆಳಗೇ ಚೆಂಡು ದಾಟಿಸಿ ದಾಟಿಸಿ ಅವರಿಗೆ ತಲೆ ತಿರುಗಿಸಿದರು.

ಆದರೂ ಸೋತೆವು. ಯಾರೊಬ್ಬನೂ ಬುಟ್ಟಿಗೆ ಎಸೆಯುತ್ತಿಲ್ಲ!

ಯಾಕಪ್ಪಾ ಅಂದರೆ ಕ್ಯಾಪ್ಟನ್ ಹೇಳಿದ: "ಬಡಿಸಿದವನು ಕೊನೆಗೆ ಊಟ ಮಾಡಬೇಕು ಅಂತ ಸರ್ ಹೇಳಿದಾರಲ್ಲ?"

ಕೋಚ್ ತಲೆ ಮೇಲೆ ಕೈ ಹೊತ್ತು ಕೂತರು. "ಉಂಬುಕೆ ಕಲ್ಸುದನ್ನೇ ಮರ್ತ್ ಬಿಟ್ಟೆ ಮಾರಾಯ್ರೆ!"

೩. ಹೋಳಿಗೆ

ಮರೆತದ್ದನ್ನು ಕಲಿಸಲು ಹುಡುಗರನ್ನೆಲ್ಲ ಕಿಂಗ್ಸ್‌ಬರಿಯಲ್ಲಿ ನಮ್ಮವರ ಯುಗಾದಿ ಊಟಕ್ಕೆ ಕರೆದೊಯ್ದರು. ಎಲೆ ತುಂಬಿದೆ, ಹೊಟ್ಟೆ ಚುರುಗುಟ್ಟುತ್ತಿದೆ, ಯಾರೂ ಮುಟ್ಟುವಂತಿಲ್ಲ. ಕೊನೆಗೆ ಹಿರಿಯರೊಬ್ಬರು "ಗೋವಿಂದಾ!" ಅಂದರು, ಪಂಕ್ತಿಯೆಲ್ಲ "ಗೋವಿಂದ!" ಅಂದಿತು, ಎಲ್ಲರ ಕೈ ಎಲೆಗೆ ಬಿತ್ತು. "ಹಾಗೆ! ಆ ಕೂಗು ಕೇಳಿದ ಮೇಲೆ ಯಾರೂ ಕಾಯೋದಿಲ್ಲ" ಅಂದರು ಕೋಚ್.

ಗೋಲ್‌ಕೀಪರ್ ಮಾತ್ರ ಏಳು ಹೋಳಿಗೆ ತಿಂದು ಏಳಲಾಗದೆ ಕೂತಿದ್ದ. ಬಡಿಸುತ್ತಿದ್ದ ಧಾರವಾಡದ ಡಾಕ್ಟರಮ್ಮ ಗಾಬರಿಯಾಗಿ, "ಸಾಕಂತ ಕೈ ಅಡ್ಡ ಹಿಡೀಬಾರದೇನೋ ತಮ್ಮಾ?" ಅಂದರು.

"ನಾನು ಗೋಲ್‌ಕೀಪರ್ ಆಂಟಿ" ಅಂದ. "ಬಂದದ್ದನ್ನ ಹಿಡಿದೇ ಅಭ್ಯಾಸ."

೪. ಕೊನೆಯ ಬುಧವಾರ

ಟರ್ಮಿನ ಕೊನೆಯ ಫುಟ್‌ಬಾಲ್ ಮ್ಯಾಚ್. ಅಲ್ಲಿಯವರೆಗೆ ಒಂದನ್ನೂ ಗೆದ್ದಿಲ್ಲ. ಎರಡೂ ಕಡೆ ಸೊನ್ನೆ, ಉಳಿದದ್ದು ಒಂದೇ ನಿಮಿಷ. ಎದುರಾಳಿ ಗೋಲ್‌ಕೀಪರ್ ಜಾರಿ ಬಿದ್ದ. ಖಾಲಿ ಗೋಲಿನ ಮುಂದೆ ನಮ್ಮ ಮೂವರು. ಮೊದಲನೆಯವನು ಎರಡನೆಯವನಿಗೆ ಕೊಟ್ಟ, ಅವನು ಮೂರನೆಯವನಿಗೆ, ಅವನು ತಿರುಗಿ ಮೊದಲನೆಯವನಿಗೆ. ಎಲ್ಲರಿಗೂ ಉಪಚಾರ!

ಕೋಚ್ ಎಲ್ಲ ಮರೆತು ಗಂಟಲು ಹರಿಯುವಂತೆ ಕೂಗಿದರು: "ಗೋವಿಂದಾ!"

"ಗೋವಿಂದ!" ಅಂತ ಮೂವರೂ ಒಟ್ಟಿಗೆ ಒದ್ದರು. ಯಾರ ಕಾಲಿಗೆ ತಾಗಿತೋ, ಚೆಂಡು ಬಲೆಯೊಳಗೆ. ನಾನು ಬಾಟಲಿ ಬಿಸಾಕಿ ಅತ್ತುಬಿಟ್ಟೆ. ಹೋಟೆಲಿನ ಪಂಕ್ತಿಯಿಂದ ಒಂದು ತಂಡ ಕಟ್ಟಿದ ಮನುಷ್ಯ, ಎಂಥ ಮನುಷ್ಯ!

ಮ್ಯಾಚ್ ಮುಗಿಯಿತೆಂದು ವಿಸಲ್ ಊದಿದ ರೆಫ್ರಿ ನೇರ ನನ್ನ ಹತ್ತಿರ ಬಂದ. "ಆ ಗೋವಿಂದ ಎಷ್ಟನೇ ನಂಬರ್? ನಿಮ್ಮ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಪಟ್ಟಿಯಲ್ಲಿಲ್ಲದವನು ಆಡಿದ್ದರೆ ಗೆಲುವು ರದ್ದು."

ನಾನು ಪಟ್ಟಿಯನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ಓದಿದೆ. ಕೋಚ್‌ಗೆ ಕೂಗಿ ಕೂಗಿ ಸ್ವರವೇ ಇಲ್ಲ. ಅಷ್ಟರಲ್ಲಿ ಫೆಲ್ಥಮ್‌ನ ಗೋಲ್‌ಕೀಪರ್ ಮೈದಾನದ ಆ ತುದಿಯಿಂದ ಓಡಿ ಬಂದ.

"ಅವನು ಆಡೋದೇ ಇಲ್ಲ ಸರ್. ಅವನ ಹೆಸರು ಕೂಗಿದ ಮೇಲೇ ನಾವು ಊಟ ಶುರುಮಾಡೋದು. ಏಳು ಹೋಳಿಗೆ ಕೊಡ್ತಾರೆ."

ರೆಫ್ರಿ ಹುಡುಗನ, ಕೋಚ್‌ರ, ನನ್ನ ಮುಖ ನೋಡಿದ. ಗೋಲು ಬರೆದುಕೊಂಡ, ಪುಸ್ತಕ ಮುಚ್ಚಿ ಜೇಬಿಗಿಟ್ಟ, ಆಮೇಲೆ ಸ್ವರ ತಗ್ಗಿಸಿ ಕೇಳಿದ:

"ಊಟ ಎಲ್ಲಿ?"