ಐದು ಪಾಯಿಂಟ್ ಒಂಬತ್ತರ ಚೌಕಾಸಿ

ಹೇಳಿದ ಬೆಲೆಗೇ ವಸ್ತು ಕೊಂಡು ಮನೆಗೆ ಹೋಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ಚನ್ನರಾಯಪಟ್ಟಣದಲ್ಲಿ ನನ್ನದೊಂದು ಮೋಟಾರ್ ರೀವೈಂಡಿಂಗ್ ಅಂಗಡಿ ಇದೆ. ಬೋರ್‌ವೆಲ್‌ನಲ್ಲಿ ಸುಟ್ಟುಹೋದ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹೊಡೆದು, ಒಣಗಿಸಿ ಕೊಡುವ ಕೆಲಸ. ಯಾರೂ ಕೈಗಿಟ್ಟದ್ದಲ್ಲ, ಬಾಡಿಗೆಯಿಂದ ಹಿಡಿದು ಬೋರ್ಡು ಬರೆದವನ ಕೂಲಿಯವರೆಗೆ ಎಲ್ಲಕ್ಕೂ ಚೌಕಾಸಿ ಮಾಡಿ ನಾನೇ ಕಟ್ಟಿದ್ದು. ಮದುವೆಯ ದಿನ ವಾಲಗದವರ ಹತ್ತಿರ ಚೌಕಾಸಿಗೆ ನಿಂತು ಮುಹೂರ್ತ ತಪ್ಪಿಸುವುದರಲ್ಲಿದ್ದೆ ಎಂದು ನನ್ನ ಹೆಂಡತಿ ಸವಿತಾ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಇಂಥ ನಾನು ಒಂದೇ ಒಂದು ಅಂಕಿಯ ಮುಂದೆ ಸೋತು ಕುಳಿತಿದ್ದೇನೆ. ಅದು ನನ್ನ ಬಿ.ಇ. ಸಿಜಿಪಿಎ: ಹತ್ತಕ್ಕೆ ಐದು ಪಾಯಿಂಟ್ ಒಂಬತ್ತು.

ಅಂಕಪಟ್ಟಿಗಳು ಬೀರುವಿನಲ್ಲಿ ಸೀರೆಗಳ ಕೆಳಗೆ ಯಾರಿಗೂ ತೊಂದರೆ ಕೊಡದೆ ಮಲಗಿದ್ದವು. ಎರಡು ವರ್ಷದ ಹಿಂದೆ ನನಗೆ ಕೆಮ್ಮು ಹಿಡಿಯಿತು. ಹಾಸನದ ಡಾಕ್ಟರು ಎಕ್ಸ್‌ರೇ ನೋಡಿ, ಈ ವಾರ್ನಿಷ್ ಹೊಗೆ ನಿಮ್ಮ ಎದೆಗೆ ಇನ್ನು ಆಗದು, ಕೆಲಸ ಬದಲಾಯಿಸಿ ಎಂದರು. ವಾರಕ್ಕೆ ಮೂರೇ ದಿನ ಮಾಡಿದರೆ ಎಂದು ಕೇಳಿದೆ. ಆಗದು ಎಂದರು. ಮಾಸ್ಕ್ ಹಾಕಿಕೊಂಡು ಎರಡು ದಿನ ಎಂದೆ. ಅವರು ನನ್ನನ್ನು ಬಿಟ್ಟು ಸವಿತಾಳ ಮುಖ ನೋಡಿದರು. ವ್ಯಾಪಾರದಲ್ಲಿ ಎದುರಿನವರು ಹಾಗೆ ಮನೆಯವರ ಕಡೆ ತಿರುಗಿದರೆ ದರ ಇನ್ನು ಇಳಿಯುವುದಿಲ್ಲ ಎಂದು ತಿಳಿಯಬೇಕು. ವಾರ್ನಿಷ್ ಮುಟ್ಟದೆ ಮೋಟಾರಿನ ಜೊತೆ ಬದುಕಲು ನನಗೆ ಕಂಡ ದಾರಿ ಒಂದೇ. ಎಂ.ಟೆಕ್ ಮಾಡಿ ಡಿಸೈನ್ ಕೆಲಸಕ್ಕೋ ಪಾಠ ಹೇಳುವುದಕ್ಕೋ ಹೋಗುವುದು.

ನೀವೂ ನನ್ನ ಹಾಗೆ ಕಡಿಮೆ ಅಂಕದವರಾದರೆ ಒಂದು ಮಾತು ಹೇಳುತ್ತೇನೆ, ಕೇಳಿ. ಎಂ.ಟೆಕ್ ಪ್ರವೇಶದ ಪ್ರಕಟಣೆಯಲ್ಲಿ ‘ಕನಿಷ್ಠ ಆರೂವರೆ’ ಎಂದು ಕಂಡ ಕೂಡಲೇ ಪುಟ ಮಡಚಬೇಡಿ. ಅದರ ಕೆಳಗೆ ಸಣ್ಣಕ್ಷರದಲ್ಲಿ ಕೆಲಸದ ಅನುಭವದ ವಿಷಯ ಇದ್ದೇ ಇರುತ್ತದೆ, ನಮ್ಮಂಥವರು ನುಗ್ಗುವ ಸಂದಿ ಅದು. ಆ ಸಂದಿಯಲ್ಲಿ ಶಿಫಾರಸು ಪತ್ರ ಕೇಳುತ್ತಾರೆ, ಅದೂ ಮೂರು. ನಮ್ಮಲ್ಲಿ ಅದಕ್ಕೊಂದು ಪದ್ಧತಿ ಬೆಳೆದಿದೆ. ಪತ್ರ ತುಂಬುವ ಲಿಂಕು ಪ್ರೊಫೆಸರರ ಮೇಲ್‌ಗೆ ಬರುತ್ತದೆ; ಅವರು ಅದನ್ನು ನಮಗೇ ದಾಟಿಸಿ, ನೀನೇ ತುಂಬಿಕೊಳ್ಳಪ್ಪ ಎಂದು ತಮ್ಮ ಪೇಪರ್ ತಿದ್ದಲು ಹೋಗುತ್ತಾರೆ. ಮೊದಲ ವರ್ಷ ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತು ಮೂವರ ಪತ್ರವನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಹಳೇ ಮೋಟಾರನ್ನು ಹೊಗಳಿ ಮಾರಿದ ಕೈ, ತಡೆಯುವವರು ಯಾರು? ಒಂದು ಸಂಸ್ಥೆ ಮಾತ್ರ ವಿಡಿಯೊ ಸಂದರ್ಶನಕ್ಕೆ ಕರೆಯಿತು. ಪರದೆಯ ಮೇಲಿದ್ದ ಮೇಡಂ ಕನ್ನಡಕ ತೆಗೆದು ಮೆಲ್ಲಗೆ ಕೇಳಿದರು: ಮೂವರು ಪ್ರೊಫೆಸರರೂ ತಾವು ಕಂಡ ಅತ್ಯುತ್ತಮ ವಿದ್ಯಾರ್ಥಿ ನೀವೇ ಎನ್ನುತ್ತಿದ್ದಾರೆ, ಹಾಗಾದರೆ ಈ ಐದು ಪಾಯಿಂಟ್ ಒಂಬತ್ತು ಕೊಟ್ಟವರು ಯಾರು?

ಆ ವರ್ಷ ಹಾಗೆ ಹೋಯಿತು. ಕೆಮ್ಮು ಹೋಗಲಿಲ್ಲ. ಎರಡನೇ ವರ್ಷ ಸವಿತಾ ತಟ್ಟೆಗೆ ಮುದ್ದೆ ಹಾಕುತ್ತಾ, “ನಿಮ್ಮುನ್ನ ಫೇಲ್ ಮಾಡುದ್ರಲ್ಲಾ, ಆ ಮೇಷ್ಟ್ರತ್ರ ಓಗಿ. ಒಗಳಾಕೆ ಬರ್ದೇ ಇರೋರು ಬರುದ್ರೇನೇ ಜನ ನಂಬಾದು” ಎಂದಳು. ಎಲೆಕ್ಟ್ರಿಕಲ್ ಮೆಷಿನ್ಸ್ ಪಾಠ ಮಾಡಿದ ಆ ಮೇಷ್ಟ್ರು ನಿವೃತ್ತರಾಗಿ ರುದ್ರಪಟ್ಟಣದಲ್ಲಿದ್ದರು. ಹೊಳೆನರಸೀಪುರದಲ್ಲಿ ಒಂದು ಬಸ್ಸು, ಅರಕಲಗೂಡಿನಲ್ಲಿ ಇನ್ನೊಂದು ಬಸ್ಸು ಬದಲಾಯಿಸಿ, ದಾರಿಯುದ್ದಕ್ಕೂ ಕೆಮ್ಮಿ ಪಕ್ಕದ ಸೀಟು ಖಾಲಿ ಮಾಡಿಸಿಕೊಂಡು ಹೋದೆ. ಜೇಬಿನಲ್ಲಿ ನಾನೇ ಬರೆದ ಹೊಗಳಿಕೆಯ ಕರಡು ಇತ್ತು. ಮೇಷ್ಟ್ರು ಅದನ್ನು ಬಿಡಿಸಿಯೂ ನೋಡದೆ ಕಾಫಿ ಲೋಟದ ಅಡಿಗೆ ಇಟ್ಟರು. ಪಕ್ಕದ ಮನೆಯಲ್ಲಿ ಯಾರೋ ಒಂದೇ ಸಾಲನ್ನು ತಿದ್ದಿ ತಿದ್ದಿ ಹಾಡುತ್ತಿದ್ದರು. ಮೇಷ್ಟ್ರು ಕೈಯಲ್ಲೇ ಬರೆದು, ಓದು ಎಂದು ನನಗೆ ಕೊಟ್ಟರು.

ಇಂಗ್ಲಿಷಿನಲ್ಲಿದ್ದುದರ ಸಾರಾಂಶ ಇಷ್ಟು. ಈತ ನನ್ನಲ್ಲಿ ಎರಡು ವರ್ಷ ಓದಿದ. ನನ್ನ ವಿಷಯದಲ್ಲಿ ಎರಡು ಸಲ ಫೇಲಾದ. ಎರಡನೆಯ ಸಲ ಫೇಲಾದ ಮೇಲೆ ಲ್ಯಾಬಿನಲ್ಲಿ ಸುಟ್ಟುಬಿದ್ದಿದ್ದ ಮೋಟಾರನ್ನು ಯಾರನ್ನೂ ಕೇಳದೆ ಬಿಚ್ಚಿ ಓಡುವಂತೆ ಮಾಡಿದ. ಲೆಕ್ಕದ ಹಂತ ಬರೆಯದೆ ಬರೀ ಉತ್ತರ ಬರೆಯುತ್ತಿದ್ದ. ಉತ್ತರ ಸರಿಯಿರುತ್ತಿತ್ತು, ನಾನು ಅಂಕ ಕೊಡಲಿಲ್ಲ. ಒಂದು ಅಂಕಕ್ಕಾಗಿ ಮೂರು ದಿನ ನನ್ನ ಬಾಗಿಲಲ್ಲಿ ವಾದಿಸಿದ. ಮೂರನೆಯ ದಿನ ಅವನದೇ ಸರಿ ಎಂದು ನನಗೆ ತಿಳಿಯಿತು.

ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ಫೇಲಾದ ಸಾಲು ಬೇಡವಾಗಿತ್ತು ಎಂದೆ. ಮೇಷ್ಟ್ರು ಪೆನ್ನೆತ್ತಿ ಅದನ್ನೂ ಅದಕ್ಕೆ ಅಂಟಿಕೊಂಡಿದ್ದ ಮೋಟಾರಿನ ಸಾಲನ್ನೂ ಹೊಡೆದುಹಾಕಿದರು. ಹಂತ ಬರೆಯದ್ದು ಯಾಕೆ ಸಾ ಎಂದೆ. ಸರಿಯಿದ್ದ ಉತ್ತರದ ಸಮೇತ ಅದೂ ಹೋಯಿತು. ಬಾಗಿಲಲ್ಲಿ ನಿಂತದ್ದು ಚೆನ್ನಾಗಿ ಕಾಣುವುದಿಲ್ಲ ಎಂದೆ. ಹೋಯಿತು. ಇಷ್ಟು ಸಲೀಸಾಗಿ ನಾನು ಯಾವ ವ್ಯಾಪಾರವನ್ನೂ ಗೆದ್ದವನಲ್ಲ. ಮೊದಲ ಮಾತಿಗೇ ಒಪ್ಪುವವನು ನಮ್ಮನ್ನು ಆಗಲೇ ಕೈಬಿಟ್ಟಿರುತ್ತಾನೆ. ಕಾಗದ ತಿರುಗಿಸಿಕೊಂಡು ನೋಡಿದೆ. ನಾನು ಎರಡು ವರ್ಷ ಓದಿದ್ದೆ. ಅದರ ಕೆಳಗೆ ಮೇಷ್ಟ್ರ ಸಹಿ.

“ಸರಿಹೋಯ್ತೇನಪ್ಪಾ? ನಿನ್ನ ವಿಷಯ ನನಗೆ ಗೊತ್ತಿದ್ದದ್ದು ಅಷ್ಟೇ” ಎಂದರು.

“ಮೊದ್ಲಿದ್ದಂಗೇ ಬರ್ಕೊಡಿ ಸಾ.”

“ಫೇಲಾಗಿದ್ದೂ ಸೇರಿಸಿ?”

“ಅದೂ ಇರ್ಲಿ ಸಾ.”

“ಒಂದೇ ಸಲ ಅಂತ ಬರೀಲೇನು?”

“ಬ್ಯಾಡಿ ಸಾ. ಎರಡು ಸಲ.”

ಜೀವನದಲ್ಲಿ ಮೊದಲ ಸಲ, ತಾನಾಗಿ ಬಂದ ರಿಯಾಯಿತಿಯನ್ನು ಬೇಡವೆಂದೆ. ಆ ಪತ್ರವನ್ನು ಮೇಷ್ಟ್ರೇ ನಾಲ್ಕು ಸಂಸ್ಥೆಗಳಿಗೆ ಕಳಿಸಿದರು. ನಾಲ್ಕೂ ಕಡೆಯಿಂದ ಉತ್ತರ ಬಂದಾಗಿದೆ. ಮೂವರು ವಿಷಾದ ತಿಳಿಸಿದ್ದಾರೆ. ನಾಲ್ಕನೆಯವರು ಪತ್ರವನ್ನು ಆಸಕ್ತಿಯಿಂದ ಓದಿದೆವು ಎಂದು ಒಂದು ಸಾಲು ಸೇರಿಸಿ, ಆಮೇಲೆ ವಿಷಾದ ತಿಳಿಸಿದ್ದಾರೆ. ಆ ಒಂದು ಸಾಲನ್ನು ನಾನು ಸವಿತಾಳಿಗೆ ಎರಡು ಸಲ ಓದಿ ಹೇಳಿದೆ. ಅವಳು ನನ್ನ ಮೈಯ ವಾರ್ನಿಷ್ ವಾಸನೆ ಹೋಗಲೆಂದು ಕಿಟಕಿ ತೆಗೆದಳು.

ಮೊನ್ನೆ ವಾರ್ನಿಷ್ ಬ್ರಶ್ ಕೈಯಲ್ಲಿದ್ದಾಗಲೇ ಮೇಷ್ಟ್ರ ಫೋನ್ ಬಂತು, ಏನಾಯಿತಪ್ಪ ಎಂದು. ವೇಯ್ಟಿಂಗ್ ಲಿಸ್ಟಲ್ಲಿದೆ ಸಾ ಎಂದುಬಿಟ್ಟೆ. ಎಷ್ಟನೆಯವನು ಎಂದರು. ಹನ್ನೊಂದು ಎಂದೆ. ಮೇಷ್ಟ್ರು ಫೋನ್ ಇಡದೆ ಕಾದರು. ಏಳು ಎಂದೆ.