ಸೋಪಿನ ಹದ ಮತ್ತು ಮೂವತ್ತೊಂದು ಫೋಟೋ

ಅಪಾಯ ಎದುರಾದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬ ಬಗ್ಗೆ ನಮಗೆಲ್ಲ ಒಂದು ಒಳ್ಳೆಯ ಅಭಿಪ್ರಾಯವಿರುತ್ತದೆ. ಅಪಾಯ ಎದುರಾಗದೆ ಇರುವವರೆಗೆ ಆ ಅಭಿಪ್ರಾಯಕ್ಕೆ ಧಕ್ಕೆಯಿಲ್ಲ. ನನ್ನ ಅಭಿಪ್ರಾಯ ಬೇರೆಯವರದಕ್ಕಿಂತ ತುಸು ಹೆಚ್ಚೇ ಒಳ್ಳೆಯದಾಗಿತ್ತು, ಏಕೆಂದರೆ ನನಗೆ ಅದಕ್ಕೇ ಸಂಬಳ ಕೊಡುತ್ತಾರೆ. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ನಾನು ಸುರಕ್ಷತಾ ಅಧಿಕಾರಿ. ವರ್ಷಕ್ಕೊಮ್ಮೆ ಕಾರ್ಮಿಕರನ್ನೆಲ್ಲ ಶೆಡ್ಡಿನಲ್ಲಿ ಕೂರಿಸಿಕೊಂಡು, ಏನಾದರೂ ಕೈಮೀರುತ್ತಿದೆ ಅನ್ನಿಸಿದರೆ ಮೊದಲು ಕೂಗಿ, ಆಮೇಲೆ ಯೋಚನೆ ಮಾಡಿ ಎಂದು ಭಾಷಣ ಮಾಡುತ್ತೇನೆ. ಅವರು ಚಪ್ಪಾಳೆ ತಟ್ಟುತ್ತಾರೆ. ಭಾಷಣದ ನಂತರ ಕೊಡುವ ಕೇಸರಿಬಾತಿಗೂ ಆ ಚಪ್ಪಾಳೆಗೂ ಇರುವ ಸಂಬಂಧವನ್ನು ನಾನು ಇದುವರೆಗೆ ವಿಚಾರಿಸಲು ಹೋಗಿಲ್ಲ. ಇರಲಿ. ನನಗೆ ಸಂಬಂಧಪಟ್ಟ ಒಂದೇ ಒಂದು ಅಪಾಯ ಕಾರ್ಖಾನೆಯಲ್ಲಲ್ಲ, ರಾಮಕೃಷ್ಣನಗರದ ನಮ್ಮ ಮನೆಯ ಅಡುಗೆಮನೆಯಲ್ಲಿ, ಭಾನುವಾರ ಬೆಳಿಗ್ಗೆ, ಒಳ್ಳೆಯ ಬೆಳಕಿನಲ್ಲಿ ನಡೆಯಿತು.

ನನ್ನ ಹೆಂಡತಿ ಸುಮಾ ಮನೆಯಲ್ಲೇ ಸೋಪು ಮಾಡುತ್ತಾಳೆ. ಅಂಗಡಿಯ ಸೋಪಿನಂತೆ ಒಂದೇ ಬಣ್ಣದ್ದಲ್ಲ, ಎರಡು ಮೂರು ಬಣ್ಣಗಳು ಒಂದರೊಳಗೊಂದು ಸುತ್ತಿಕೊಂಡು ಸುಳಿಸುಳಿಯಾಗಿರುವ ಸೋಪು. ಕೊಬ್ಬರಿ ಎಣ್ಣೆ, ಹರಳೆಣ್ಣೆಗಳನ್ನು ಬೆಚ್ಚಗೆ ಮಾಡಿ, ಅದಕ್ಕೆ ಕಾಸ್ಟಿಕ್ ಸೋಡಾ ಕರಗಿಸಿದ ನೀರು ಸುರಿದು ಕಡೆಯುತ್ತಾ ಹೋದರೆ ಒಂದು ಹಂತದಲ್ಲಿ ಅದು ದೋಸೆ ಹಿಟ್ಟಿನಷ್ಟು ಮಂದವಾಗುತ್ತದೆ. ಸುಮಾ ಪಾಠ ಕಲಿತ ವಿಡಿಯೋದ ಹುಡುಗಿ ಅದನ್ನು 'ಟ್ರೇಸ್' ಅನ್ನುತ್ತಾಳೆ. ಆ ಹಂತದಲ್ಲೇ ಬಣ್ಣ ಬೆರೆಸಿ ಅಚ್ಚಿಗೆ ಸುರಿದು ಕಡ್ಡಿಯಾಡಿಸಬೇಕು. ಒಂದು ನಿಮಿಷ ಮುಂಚೆಯಾದರೂ ಕೆಟ್ಟಿತು, ತಡವಾದರೂ ಕೆಟ್ಟಿತು. ಮೊದಲ ಸಲ ಅದು ಪಾತ್ರೆಯಲ್ಲೇ ಉಪ್ಪಿಟ್ಟಾಯಿತು. ಎರಡನೆಯ ಸಲ ನೀರಾಗಿಯೇ ಉಳಿದು ಬಣ್ಣಗಳೆಲ್ಲ ಬೆರೆತು ರಾಗಿ ಅಂಬಲಿಯಂತಾಯಿತು. ಅದೂ ಅಲ್ಲದೆ ಹಾಕಿದ್ದ ಅರಿಶಿನ ಹಳದಿಯಾಗಿರದೆ ಕೆಂಪಗಾಗಿತ್ತು. ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದವನು. ಆರತಿ ತಟ್ಟೆಯ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಇದೂ ಹಾಗೇ, ಕ್ಷಾರದ ಗುಣ ಎಂದು ವಿವರಿಸಿದೆ. ಹಾಕುವ ಮುಂಚೆ ಯಾಕೆ ಹೇಳಲಿಲ್ಲ ಎಂದು ಸುಮಾ ಕೇಳಿದಳು. ನನ್ನ ವಿದ್ಯೆ ಯಾವಾಗಲೂ ಘಟನೆ ಮುಗಿದ ಮೇಲೆ ಬರುತ್ತದೆ ಎಂಬುದಕ್ಕೆ ಅದೊಂದು ಮುನ್ಸೂಚನೆಯಾಗಿತ್ತು.

ಮೂರನೆಯ ಸಲದ ಸೋಪು ಚೆನ್ನಾಗಿಯೇ ಬಂತು. ಫೋಟೋ ಬರಲಿಲ್ಲ. ಸೋಪಿನ ಸುಳಿ ಜನಕ್ಕೆ ಕಾಣಬೇಕು, ಸುರಿಯುವಾಗಿನದೂ ಕಾಣಬೇಕು, ಇಲ್ಲದಿದ್ದರೆ ಯಾರೂ ಕೊಳ್ಳುವುದಿಲ್ಲವಂತೆ. ಫೋಟೋ ತೆಗೆಯುವ ಕೆಲಸ ನನ್ನದು. ನನ್ನ ಕೈ ಅಲುಗುತ್ತದೆ. ನಾನು ತೆಗೆದದ್ದನ್ನು ನೆಂಟರ ಗುಂಪಿಗೆ ಕಳಿಸಿದಾಗ, ಬರ್ಫಿಗೆ ಬೂಷ್ಟು ಹಿಡಿದಿದೆ, ಯಾರೂ ತಿನ್ನಬೇಡಿ ಎಂದು ನನ್ನ ತಮ್ಮ ಉತ್ತರ ಬರೆದ. ನಾಲ್ಕನೆಯ ಸಲಕ್ಕೆ ಸುಮಾ ಒಂದು ಉಪಾಯ ಹೇಳಿಕೊಟ್ಟಳು. ಗುಂಡಿ ಒತ್ತಿ ಹಿಡಿದುಕೊಂಡರೆ ಫೋನು ತಾನಾಗಿಯೇ ಒಂದರ ಮೇಲೊಂದು ತೆಗೆಯುತ್ತಾ ಹೋಗುತ್ತದೆ, ಅಷ್ಟರಲ್ಲಿ ಒಂದಾದರೂ ನೆಟ್ಟಗೆ ಬಂದೀತು ಎಂದು.

ಆ ವಾರ ನನ್ನ ಸೋದರತ್ತೆ ನೀಲಮ್ಮತ್ತೆ ನಂಜನಗೂಡಿನಿಂದ ಬಂದು ನಮ್ಮಲ್ಲಿದ್ದರು. ಬಲಗಣ್ಣಿಗೆ ಪೊರೆ ತೆಗೆಸಿ ಹತ್ತು ದಿನವಾಗಿತ್ತು. ನೀಲಮ್ಮತ್ತೆ ನಮ್ಮ ನೆಂಟರಿಷ್ಟರಲ್ಲೆಲ್ಲ ಪಾಕಕ್ಕೆ ಹೆಸರಾದವರು. ಮದುವೆಮನೆಯಲ್ಲಿ ಎಂಥ ಭಟ್ಟರು ಬಂದಿರಲಿ, ಮೈಸೂರು ಪಾಕಿಗೆ ಸಕ್ಕರೆ ಕುದಿಯುವಾಗ ಇವರನ್ನು ಕರೆಯಲೇಬೇಕು. ಇವರು ಹೋಗಿ, ಬೆರಳದ್ದಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಎಳೆ ಎಳೆದು, ಹದ ಬಂತು ಅಂದ ಮೇಲೇ ಇಳಿಸುವುದು. ಕುದಿಯುವ ಪಾಕಕ್ಕೆ ಅದ್ದಿ ಅದ್ದಿ ಆ ಎರಡು ಬೆರಳುಗಳ ತುದಿ ಮರಗಟ್ಟಿ ಹೋಗಿತ್ತು. ಈ ಮನೆಯ ಗೃಹಪ್ರವೇಶಕ್ಕೆ ಒಂದು ದಪ್ಪ ತಳದ ಸ್ಟೀಲ್ ಪಾತ್ರೆ ಉಡುಗೊರೆ ಕೊಟ್ಟು, ಅದರಲ್ಲೇ ಪಾಕ ಮಾಡಿ ಹಂಚಿದ್ದರು. ಸುಮಾ ಈಗ ಸೋಪಿಗೆಂದು ಬೇರೆ ತೆಗೆದಿಟ್ಟಿದ್ದದ್ದು ಆ ಪಾತ್ರೆಯನ್ನೇ. ಅತ್ತೆಗೆ ಹೇಳಿರಲಿಲ್ಲ. ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದದ್ದನ್ನು ನೋಡಿಕೊಂಡು ಸುಮಾ ಕೆಲಸ ಶುರು ಮಾಡಿದಳು. ನನಗೆ ಮೂರು ಕೆಲಸ ಒಪ್ಪಿಸಿದಳು: ಮೋಟಾರ್ ಹಾಕಿ ಟ್ಯಾಂಕ್ ತುಂಬಿಸುವುದು, ಯಾರೂ ಅಡುಗೆಮನೆಗೆ ಬರದಂತೆ ನೋಡಿಕೊಳ್ಳುವುದು, ಫೋಟೋ ತೆಗೆಯುವುದು. ಮೊದಲನೆಯದನ್ನು ಮರೆತೆ. ಎರಡನೆಯದಕ್ಕೆ ನಾನೇ ಕಾರ್ಖಾನೆಯಿಂದ ತಂದ ಹಳದಿ ಫಲಕವೊಂದಿತ್ತು. 'ಅಪಾಯ. ಕ್ಷಾರ. ಮುಟ್ಟಬೇಡಿ' ಎಂದು ಅಂಗೈಯಗಲದ ಅಕ್ಷರ. ಹೊಸ ಕಣ್ಣಿನ ಅತ್ತೆಗೂ ಕಾಣುವಷ್ಟು ದೊಡ್ಡದು. ಅದನ್ನು ಕಟ್ಟೆಯ ಮೇಲಿನ ಗೋಡೆಗೆ ಅಂಟಿಸಿದ್ದೆ. ಫೋನಿನಲ್ಲಿ ನೋಡಿದರೆ ಅದು ಚಿತ್ರದ ಮಧ್ಯಕ್ಕೇ ಬಂದು ಅಂದಗೆಡಿಸುತ್ತಿತ್ತು. ತೆಗೆದು ಫ್ರಿಜ್ಜಿನ ಹಿಂದೆ ಸಿಕ್ಕಿಸಿದೆ. ಹೌದು, ನಾನೇ. ಈ ವಾಕ್ಯ ಬರೆಯಲು ನನಗೆ ಒಂದು ವಾರ ಹಿಡಿದಿದೆ.

ಪಾತ್ರೆಯಲ್ಲಿ ಹಿಟ್ಟು ಮಂದವಾಗುತ್ತಾ ಬಂದಿತ್ತು, ನೋಡಲು ಥೇಟ್ ಕಡಲೆಹಿಟ್ಟು ಬೆರೆಸಿದ ಪಾಕ. ಸುಮಾ ಅಚ್ಚು ತರಲು ಪಕ್ಕದ ಯುಟಿಲಿಟಿಗೆ ಹೋದಳು. ನಾನು ಅಭ್ಯಾಸಕ್ಕೆಂದು ಗುಂಡಿ ಒತ್ತಿ ಹಿಡಿದೆ. ಆಗ ಫೋನಿನ ಪರದೆಯ ಎಡಗಡೆಯಿಂದ ಹಸಿರು ಬಳೆ ತೊಟ್ಟ ಒಂದು ಕೈ ಒಳಗೆ ಬಂತು.

ನನಗೆ ಆಗ ಹೊಳೆದದ್ದನ್ನು ಇದ್ದಂತೆ ಹೇಳಿಬಿಡುತ್ತೇನೆ. ಚೆನ್ನಾಗಿ ಬರುತ್ತಿದೆ ಅನ್ನಿಸಿತು. ಬರೀ ಪಾತ್ರೆಗಿಂತ ಒಂದು ಕೈ ಇದ್ದರೆ ಚಿತ್ರಕ್ಕೆ ಜೀವ ಬರುತ್ತದೆ ಅನ್ನಿಸಿತು. ಕೈ ಪಾತ್ರೆಯ ಅಂಚನ್ನು ಸವರಿ ಗುರುತು ಹಿಡಿಯಿತು. ತೋರುಬೆರಳು ಅದ್ದಿತು. ಹೆಬ್ಬೆರಳು ಬಂದು ಕೂಡಿತು. ಎರಡೂ ಮೆಲ್ಲಗೆ ದೂರವಾದವು, ನಡುವೆ ಒಂದು ಎಳೆ ನಿಂತಿತು. ಆಮೇಲೆ ಕೈ ಮೇಲಕ್ಕೆ ಹೋಗತೊಡಗಿತು. ನಾನು ಫೋನನ್ನೂ ಅದರ ಜೊತೆಗೆ ಮೇಲಕ್ಕೆತ್ತಿದೆ. ಪರದೆಯಲ್ಲಿ ಅತ್ತೆಯ ಮುಖ ಬಂತು, ತುಟಿ ಬಂತು, ತುಟಿಯ ಹತ್ತಿರಕ್ಕೆ ಆ ಬೆರಳು ಬಂತು. ಕ್ಷಾರ ನಾಲಿಗೆಗೆ ತಗುಲಿದರೆ ಏನಾಗುತ್ತದೆ ಎಂದು ನಾನು ಎಷ್ಟೋ ಸಲ ಗೋಡೆಗೆ ಚಿತ್ರ ಹಾಕಿ ತೋರಿಸಿದ್ದೇನೆ. ಆ ಚಿತ್ರವೂ ಕಣ್ಣ ಮುಂದೆ ಬಂತು. ಗಂಟಲಿನಿಂದ ಮಾತ್ರ ಏನೂ ಬರಲಿಲ್ಲ. ನನ್ನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು.

ಕೂಗಿದ್ದು ಸುಮಾ. ಅಚ್ಚನ್ನು ಅಲ್ಲೇ ಬಿಸಾಕಿ, "ಅತ್ತೆ, ಬಾಯಿಗಿಡ್ಬೇಡಿ" ಅಂದಳು.

ಅತ್ತೆಗೆ ಅವಮಾನವಾದಂತಾಯಿತು. "ಬಾಯಿಗ್ಯಾಕಮ್ಮ ಇಟ್ಕೋತೀನಿ? ಇನ್ನೂ ಪೂಜೆ ಆಗಿಲ್ಲ," ಅಂದರು. ಬೆರಳನ್ನು ಒಯ್ದದ್ದು ಮೂಗಿಗೆ. ಇಷ್ಟಲಿಂಗಕ್ಕೆ ಅರ್ಪಿಸದೆ ಅವರು ನಾಲಿಗೆಯ ಮೇಲೆ ಒಂದು ಹನಿ ನೀರನ್ನೂ ಇಟ್ಟವರಲ್ಲ. ಐವತ್ತು ವರ್ಷ ಪಾಕ ಮಾಡಿದ್ದಾರೆ, ಒಲೆಯ ಮುಂದೆ ನಿಂತು ಒಂದು ದಿನವೂ ರುಚಿ ನೋಡಿದ್ದಿಲ್ಲ. ಬೆರಳಲ್ಲಿ ಹದ, ಮೂಗಲ್ಲಿ ರುಚಿ, ಅಷ್ಟೇ. ನನ್ನ ಫಲಕ ಮಾಡಬೇಕಾದ ಕೆಲಸವನ್ನು ಅವರ ನೇಮ ಮಾಡಿತ್ತು.

ನಾನು ಉಸಿರು ಬಿಟ್ಟೆ. ಬಿಡಬಾರದಿತ್ತು. "ಹದ ಬಂದದೆ ಕಣಮ್ಮ, ಇಳಿಸ್ಬುಡು" ಎನ್ನುತ್ತಲೇ ಅತ್ತೆ, ಜಾರಿದ ಕನ್ನಡಕವನ್ನು ಮೇಲೇರಿಸಲು ಅದೇ ಬೆರಳನ್ನು ಬಲಗಣ್ಣಿನ ಕಡೆಗೆ ಒಯ್ದರು. ಹತ್ತು ದಿನದ ಹಿಂದೆ ಪೊರೆ ತೆಗೆಸಿದ ಕಣ್ಣು. ಸುಮಾ ಎರಡೇ ಹೆಜ್ಜೆಯಲ್ಲಿ ಬಂದು ಮಣಿಕಟ್ಟನ್ನು ಹಿಡಿದು ಎಳೆದಳು. ಎರಡು ಬಳೆ ಒಡೆದವು. ಕಣ್ಣಿಗೂ ಬೆರಳಿಗೂ ನಡುವೆ ಇದ್ದದ್ದು ಎಷ್ಟು ಜಾಗ ಎಂದು ಕೇಳಿದರೆ ನಾನು ಸರಿಯಾಗಿ ಹೇಳಬಲ್ಲೆ. ನನ್ನ ಹತ್ತಿರ ಫೋಟೋ ಇದೆ.

ನಲ್ಲಿ ತಿರುಗಿಸಿದರೆ ನೀರು ನೂಲಿನಂತೆ ಬಂದು, ಕೆಮ್ಮಿ, ನಿಂತಿತು. ಸುಮಾ ನನ್ನನ್ನು ನೋಡಿದ ನೋಟಕ್ಕೆ ನಾನು ಮೋಟಾರಿನ ಕಡೆಗೆ ಓಡಿದೆ. ಹಿಂದಿನಿಂದ ಅತ್ತೆಯ ದನಿ ಕೇಳುತ್ತಿತ್ತು. "ಇದೇನಮ್ಮ, ಬೆರಳು ಹಿಂಗ್ ಜಾರ್ತದೆ?" ಅನ್ನುತ್ತಿದ್ದರು. ಚರ್ಮದ ಜಿಡ್ಡು ಕ್ಷಾರಕ್ಕೆ ಸೇರಿದರೆ ಜಾರುತ್ತದೆ, ಅಂದರೆ ಆ ಬೆರಳೇ ಮೇಲುಮೇಲಕ್ಕೆ ಸೋಪಾಗುತ್ತಿದೆ ಎಂದು ನನ್ನ ಬಿ.ಎಸ್ಸಿ. ನನಗೆ ಓಡುತ್ತಿರುವಾಗಲೇ ತಿಳಿಸಿತು. ಒಳಗೆ ಸುಮಾ ಪೂಜೆಗೆ ತುಂಬಿಸಿಟ್ಟಿದ್ದ ಅತ್ತೆಯ ಚೊಂಬನ್ನೇ ಎತ್ತಿಕೊಂಡು ಸುರಿಯತೊಡಗಿದ್ದಳು. ಅದು ಲಿಂಗಕ್ಕೆ ಮೀಸಲಿಟ್ಟ ನೀರು ಎಂದು ಅತ್ತೆ, ನಾಳೆ ಲಿಂಗದ ಮುಂದೆ ನಾನೇ ತಪ್ಪೊಪ್ಪಿಕೊಳ್ಳುತ್ತೇನೆ ಎಂದು ಸುಮಾ. ಚೊಂಬು ಮುಗಿದು, ಕುಡಿಯುವ ನೀರಿನ ಕ್ಯಾನೂ ಅರ್ಧವಾಗುವ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂತು. ಅತ್ತೆಯ ಕೈ ಅದರ ಕೆಳಗೆ ಕಾಲು ಗಂಟೆ ಇತ್ತು. ಆ ಕಾಲು ಗಂಟೆಯೂ ಅವರ ಗಮನ ಪಾತ್ರೆಯ ಮೇಲೇ. ಅದು ಸೋಪು ಎಂದು ತಿಳಿದ ಮೇಲೂ, "ಸೋಪೋ ಸುಡುಗಾಡೋ, ಹದ ಬಂದಿದ್ದುನ್ನ ಬಿಟ್ರೆ ಕಲ್ಲಾಯ್ತದೆ. ಲೇ ಶಿವು, ಸುಮ್ನೆ ನಿಂತಿದೀಯಲ್ಲ, ನೀನಾದ್ರೂ ಸುರಿಯೋ," ಅಂದರು. ಗವಸು ಹಾಕಿಕೊಂಡು, ಬಣ್ಣ ಬೆರೆಸಿ ಸುರಿದು, ಕಡ್ಡಿಯಾಡಿಸಿದೆ. ನಮ್ಮ ಮನೆಯಲ್ಲಿ ಆದ ಅತ್ಯುತ್ತಮ ಸೋಪು ಅದು. ಅಮೃತಶಿಲೆಯಂತೆ ಸುಳಿ ಬಂತು.

ಡಾಕ್ಟರು ಬೆರಳಿಗೆ ಮುಲಾಮು ಕೊಟ್ಟು, ತಕ್ಷಣ ನೀರು ಹಾಕಿದ್ದು ಒಳ್ಳೆಯದಾಯಿತು, ಆ ಕೈ ಕಣ್ಣಿಗೆ ಹೋಗಿದ್ದರೆ ನನ್ನಿಂದೇನೂ ಮಾಡಲಾಗುತ್ತಿರಲಿಲ್ಲ ಎಂದರು. ನನ್ನ ಕೆಲಸ ಏನು ಎಂದೂ ವಿಚಾರಿಸಿದರು. ಆಡಳಿತ ವಿಭಾಗ ಎಂದೆ. ಮನೆಗೆ ಬರುವ ದಾರಿಯಲ್ಲಿ ಅತ್ತೆ, "ನೀನು ಫೋಟೋ ಹಿಡೀತಿದ್ಯಲ್ಲ, ನಾನೂ ಬಿದ್ದಿವ್ನಾ?" ಎಂದು ಕೇಳಿದರು. ನೀವು ಬರುವ ಹೊತ್ತಿಗೆ ಫೋನು ಕೆಳಗಿಟ್ಟಿದ್ದೆ ಎಂದು ಸುಳ್ಳು ಹೇಳಿದೆ.

ಅವು ಒಟ್ಟು ಮೂವತ್ತೊಂದು. ಒಂದರಿಂದ ಮೂವತ್ತೊಂದರವರೆಗೆ, ಮೂವತ್ತೊಂದರಿಂದ ಒಂದರವರೆಗೆ ನೋಡಿದ್ದೇನೆ. ಎಲ್ಲಿ ಕೂಗಬಹುದಿತ್ತು ಎಂದು ಹುಡುಕುತ್ತೇನೆ. ಮೂರರಲ್ಲಿ ಕೂಗಬಹುದಿತ್ತು, ಕೈ ಇನ್ನೂ ಅಂಚಿನಲ್ಲಿದೆ. ಹನ್ನೊಂದರಲ್ಲಿ ಎಳೆ ಬಂದಿದೆ, ಆಗಲೂ ತಡವಾಗಿರಲಿಲ್ಲ. ಹಿಮ್ಮುಖವಾಗಿ ಸರಿಸಿದರೆ ಅತ್ತೆ ಕಣ್ಣಿನ ಬಳಿಯಿಂದ ಬೆರಳು ತೆಗೆದು, ಎಳೆಯನ್ನು ಪಾತ್ರೆಗೆ ಮರಳಿಸಿ, ಸುರಕ್ಷಿತವಾಗಿ ಬಾಗಿಲಾಚೆ ಹೋಗುತ್ತಾರೆ. ಹಾಗೆ ನೋಡುವುದೇ ನನಗೆ ಇಷ್ಟ.

ಸುರಿದ ಸೋಪಿನ ಫೋಟೋ ಬೇಕೆಂದು ಸುಮಾ ಮೊನ್ನೆ ನನ್ನ ಫೋನು ತೆಗೆದುಕೊಂಡಳು. ನಾನು ಅಳಿಸಿರಲಿಲ್ಲ. ಅವಳು ಸೋಫಾದ ಮೇಲೆ ಕೂತು ಒಂದೊಂದಾಗಿ ಸರಿಸುತ್ತಾ ಹೋದಳು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ.

"ಎಷ್ಟು ನೆಟ್ಟಗೆ ಬಂದಿದೆ ಕಣ್ರೀ," ಅಂದಳು. "ಒಂದ್ರಲ್ಲೂ ಕೈ ಅಲುಗಿಲ್ಲ."

ಸುಮ್ಮನಿರಲಾಗದೆ, ಕೊನೆಯದೊಂದು ಮಸುಕಾಗಿದೆ ನೋಡು ಎಂದೆ.

"ಅದು ನಾನು," ಅಂದಳು. "ಓಡಿ ಬರ್ತಿದೀನಿ."

ಫಲಕ ಈಗ ಗೋಡೆಯ ಮೇಲೆ ವಾಪಸು ಬಂದಿದೆ, ಎಲ್ಲ ಫೋಟೋಗಳ ಮಧ್ಯದಲ್ಲೂ ಬೀಳುತ್ತದೆ. ನನ್ನ ಕೈ ಮೊದಲಿನಂತೆಯೇ ಅಲುಗುತ್ತದೆ, ಸುಳಿಗಳೆಲ್ಲ ಮಸುಕು ಮಸುಕಾಗಿ ಬರುತ್ತವೆ. ಸುಮಾ ಈಗ ಅದಕ್ಕೆ ಏನೂ ಅನ್ನುವುದಿಲ್ಲ.